ಬಿಸಿಲಲ್ಲೊಂದು ಪ್ರಾತ್ಯಕ್ಷಿಕೆ

ಹಿಂದಿನ ಸೀಟಿನಲ್ಲಿ ಮಗುವಿರುವ ಕಾರನ್ನು ಸುಡುಬಿಸಿಲಿನಲ್ಲಿ ನಿಲ್ಲಿಸಿ, ಅಧಿಕಾರಿ ನಾಲ್ಕೂ ಬಾಗಿಲುಗಳನ್ನು ಹೊರಗಿನಿಂದ ಎಳೆದು ನೋಡಿದ. ಭದ್ರವಾಗಿದ್ದವು. ಹಿಂದಿನ ಬಾಗಿಲುಗಳು ಒಳಗಿನಿಂದ ತೆರೆಯುವಂಥವೇ ಅಲ್ಲ; ಆ ಏರ್ಪಾಟನ್ನು ಅವನೇ ಮಾಡಿಸಿದ್ದ. ಕೀಲಿಯನ್ನು ಜೇಬಿಗಿಳಿಸಿ, ಕೊಡೆ ಬಿಚ್ಚಿ, ಸಭಾಂಗಣದ ಕಡೆಗೆ ನಡೆದ.

ಮಗುವೆಂದರೆ ಗೊಂಬೆ. ಮಗಳ ಹುಟ್ಟುಹಬ್ಬಕ್ಕೆ ಬಂದದ್ದು, ಹೆಚ್ಚುಕಡಿಮೆ ಮಗಳಷ್ಟೇ ಎತ್ತರ. ಮಗಳ ಹಳದಿ ಫ್ರಾಕು, ಮಗಳ ಬಿಳಿ ಟೋಪಿ. ದೂರದಿಂದ ನೋಡಿದವರು ನಿದ್ದೆಹೋದ ಮಗುವೆಂದೇ ನಂಬಬೇಕು. ನಂಬಿ, ಗಾಬರಿಯಾಗಿ, ಸಹಾಯಕ್ಕೆ ಓಡಬೇಕು. ಓಡುತ್ತಾರೆಯೇ ಎಂಬುದೇ ಇಂದಿನ ಪರೀಕ್ಷೆ. ಅವನಿಗೂ ಇಂದೇ ಪರೀಕ್ಷೆ. ನಗರಸಭೆಯ ಅಧ್ಯಕ್ಷೆ ಮೆಚ್ಚಿದರೆ, ಬೇಸಿಗೆಯ ಮಟ್ಟಿಗೆ ಸಿಕ್ಕ ಮಕ್ಕಳ ಸುರಕ್ಷತಾ ಅಧಿಕಾರಿಯ ಹುದ್ದೆ ಕಾಯಂ ಆಗುತ್ತಿತ್ತು.

ಈಗಾಗಲೇ ಅವನು ಸಾಕಷ್ಟು ಸಾಧಿಸಿದ್ದ. ಉದ್ಯಾನದ ಜಾರುಬಂಡೆ ಕಾಯುತ್ತದೆಂದು ಕೀಳಿಸಿದ್ದ. ಜೋಕಾಲಿಯ ಸರಪಳಿ ಸುಡುತ್ತದೆಂದು ಬಿಚ್ಚಿಸಿದ್ದ. ಕೊಂಬೆ ಮುರಿದು ಬೀಳಬಹುದೆಂದು ದೊಡ್ಡ ಮರವನ್ನು ಬೋಳಿಸಿ, ಬಳಿಕ ನೆರಳಿನ ಅಭಾವದ ಬಗ್ಗೆ ಪುಟಗಟ್ಟಲೆ ವರದಿ ಬರೆದಿದ್ದ. ಮಕ್ಕಳು ಅವನನ್ನು ಕೊಡೆ ಮಾಮ ಎನ್ನುತ್ತಿದ್ದರು. ಈಚೆಗೆ ಅದನ್ನೂ ಅನ್ನುತ್ತಿರಲಿಲ್ಲ. ಅನ್ನಲು ಮಕ್ಕಳು ಹೊರಗೆ ಬಂದರೆ ತಾನೆ.

ಮನೆಯಲ್ಲಿ ಮಾತ್ರ ಅವನ ಬೇಳೆ ಬೇಯುತ್ತಿರಲಿಲ್ಲ. ಹೆಂಡತಿ ಕೆಲಸಕ್ಕೆ ಹೋದಮೇಲೆ ಅಲ್ಲಿ ಅತ್ತೆಯದೇ ಆಡಳಿತ. ಬೆಳಿಗ್ಗೆ ಗೊಂಬೆಗೆ ಫ್ರಾಕು ತೊಡಿಸುತ್ತಲೇ ಆಕೆ ಶುರುಮಾಡಿದ್ದರು.

"ಗೊಂಬೆನ ಬಿಸಿಲಿಗೆ ಕರ್ಕೊಂಡು ಹೋಗ್ತೀರಿ, ಮಗೂನ ಪರದೆ ಎಳೆದು ಕತ್ತಲೇಲಿ ಕೂರಿಸ್ತೀರಿ. ಇದ್ಯಾವ ಸೀಮೆ ಲೆಕ್ಕ ಅಳಿಯಂದಿರೇ?"

"ಬೇಸಿಗೆ ಮುಗಿಯೋವರೆಗೂ ಮಗು ಹೊಸಿಲು ದಾಟೋ ಹಾಗಿಲ್ಲ ಅತ್ತೆ. ಊರಿಗೆಲ್ಲ ಹೇಳೋನು ನಾನು. ನನ್ನ ಮಗಳೇ ಹೊರಗೆ ಕಂಡ್ರೆ ಹೇಗೆ?"

"ನಾನೂ ಮಕ್ಕಳನ್ನ ಬೆಳೆಸಿದೀನಿ, ಮರದ ಕೆಳಗೆ ಆಡೋಕೆ ಬಿಟ್ಟು. ಯಾವುದೂ ಕರಗಿ ಹೋಗ್ಲಿಲ್ಲ. ಒಂದನ್ನ ನೀವೇ ಕಟ್ಕೊಂಡಿದೀರಿ."

ಮಗಳದು ಬೇರೆಯೇ ರಾಗ. ಗೊಂಬೆಯನ್ನು ಅಪ್ಪಿಕೊಂಡು ಬಿಡಲೊಲ್ಲಳು. ಊಟದ ಹೊತ್ತಿಗೆ ತಂದುಕೊಡುತ್ತೇನೆಂದು ಆಣೆಯಿಟ್ಟು, ಬಿಡಿಸಿ, ಅದನ್ನು ಕಾರಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಿದ್ದ. ಸಭೆಯಲ್ಲಿ ಹಂಚಲು ತಂದ, ಕಾರಿನ ಕಿಟಕಿಗೆ ಕಟ್ಟುವ ಬಿಸಿಲುಪರದೆಗಳನ್ನು ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ರಾಶಿಹಾಕಿದ್ದ. ಮರೆತ ಕೊಡೆಯನ್ನು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಮಗಳ ಅಳುವೂ ನಿಂತಿತ್ತು. ಮಕ್ಕಳ ಹಟ ಇಷ್ಟೇ, ಎಂದುಕೊಂಡು ಹೊರಟಿದ್ದ.

ಸಭಾಂಗಣ ಮೊದಲ ಮಹಡಿಯಲ್ಲಿತ್ತು. ಎ.ಸಿ. ಇದ್ದುದರಿಂದ ಕಿಟಕಿಗಳೆಲ್ಲ ಬಂದ್. ಗಾಜಿನಾಚೆ, ಕೆಳಗೆ, ಕಾರು. ಅದರೊಳಗಿಟ್ಟ ಉಷ್ಣಮಾಪಕದ ಅಂಕಿ ವೇದಿಕೆಯ ಪರದೆಯ ಮೇಲೆ ಮೂಡಿ ಮೇಲೇರುತ್ತಿತ್ತು. ಏರಿದಾಗಲೆಲ್ಲ, ಪ್ರಾತ್ಯಕ್ಷಿಕೆ ನೋಡಲು ಬಂದ ತಾಯಂದಿರು ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ತಣ್ಣನೆಯ ಹಣ್ಣಿನ ರಸ ಗುಟುಕರಿಸಿದರು.

ಜೇಬಿನಲ್ಲಿ ಫೋನು ಗುಯ್‌ಗುಟ್ಟಿತು. ಅತ್ತೆ. ಮತ್ತೆ ಗುಯ್‌ಗುಟ್ಟಿತು. ಮತ್ತೆ ಅತ್ತೆ. ಈ ಹೊತ್ತಿನಲ್ಲೂ ವಾದ ಮುಂದುವರಿಸುವ ಹುರುಪು ನೋಡಿ, ಎಂದುಕೊಂಡು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ.

ಕೆಳಗೆ ದಾರಿಹೋಕನೊಬ್ಬ ಕಾರಿನೊಳಗೆ ಇಣುಕಿದ. ಸಭೆ ಉಸಿರು ಬಿಗಿಹಿಡಿಯಿತು. ಆತ ನಕ್ಕ, ಕೈಬೀಸಿದ, ಹೊರಟುಹೋದ.

"ನೋಡಿ, ಗೊಂಬೆಗೆ ಟಾಟಾ ಮಾಡಿ ಹೋದ ಮಹಾನುಭಾವ," ಎಂದ ಅಧಿಕಾರಿ. "ಇದೇ ನಮ್ಮ ಸಮಾಜ."

ಸಭೆ ನಕ್ಕಿತು. ಮುಂದಿನ ಸಾಲಿನ ಒಬ್ಬ ತಾಯಿ ಮಾತ್ರ ಕತ್ತು ನೀಡಿ ನೋಡುತ್ತಿದ್ದಳು. "ಸಾರ್, ಆಗ ಗೊಂಬೆ ತಲೆ ಮೇಲೆ ಬಿಳಿ ಟೋಪಿ ಇತ್ತಲ್ಲ? ಈಗ ಕಾಣ್ತಿಲ್ಲ."

"ಒಳ್ಳೆ ಗಮನ," ಎಂದ ಅವನು. "ಶಾಖಕ್ಕೆ ಪ್ಲಾಸ್ಟಿಕ್ ಹಿಗ್ಗುತ್ತೆ. ತಲೆ ಹಿಗ್ಗಿದ್ರೆ ಟೋಪಿ ನಿಲ್ಲೋದು ಹೇಗೆ? ಜಾರಿರುತ್ತೆ." ತಾಯಿ ಒಪ್ಪಿದಳು. ಅಧ್ಯಕ್ಷೆ ಮೆಚ್ಚುಗೆಯಿಂದ ತಲೆದೂಗಿದರು.

ಆಗ ಅತ್ತೆ ಕಂಡರು.

ಎರಡು ಬೀದಿಯಾಚೆಯ ಮನೆಯಿಂದ ಬರಿಗಾಲಲ್ಲಿ ಓಡಿಬಂದಿದ್ದರು, ಸೆರಗು ಜಾರಿತ್ತು. ಕಾರಿನ ಗಾಜು ಬಡಿದರು. ಸುತ್ತ ನೋಡಿ ಏನೋ ಕೂಗಿದರು. ಬಾಯಿ ಆಡುವುದು ಕಂಡಿತೇ ಹೊರತು ಮಾತು ಕೇಳಿಸಲಿಲ್ಲ. ಆಮೇಲೆ ಬಗ್ಗಿ, ಹೂಕುಂಡದ ಪಕ್ಕದ ಕಲ್ಲೆತ್ತಿದರು. ಗೊಂಬೆಯಿದ್ದ ಹಿಂಭಾಗವನ್ನು ಬಿಟ್ಟು, ಮುಂದಿನ ಬಾಗಿಲಿನ ಗಾಜಿಗೆ ಗುರಿಯಿಟ್ಟರು.

ಗಾಜು ಪುಡಿಪುಡಿಯಾಯಿತು.

"ಆಹಾ, ಕೊನೆಗೂ ಒಬ್ಬರು," ಎಂದು ಅಧ್ಯಕ್ಷೆ ಎದ್ದುನಿಂತರು. "ಯಾರದು?"

ಅಧಿಕಾರಿಯ ಮುಖ ಕಪ್ಪಿಟ್ಟಿತು. ಗೊಂಬೆಗೆ ಬಟ್ಟೆ ತೊಡಿಸಿದವರೇ ಗಾಜು ಒಡೆದರೆ ಅದು ಪರೀಕ್ಷೆಯಲ್ಲ, ಹಗೆ. ಅದೂ ಸರಿಯಾದ ಗಾಜನ್ನಲ್ಲ. ಅವನು ದಡದಡನೆ ಮೆಟ್ಟಿಲಿಳಿದ. ಹಿಂದೆ ಅಧ್ಯಕ್ಷೆ, ಅವರ ಹಿಂದೆ ತಾಯಂದಿರ ದಂಡು.

ಅತ್ತೆ ಒಡೆದ ಗಾಜಿನೊಳಗೆ ಕೈಹಾಕಿ ಲಾಕ್ ತೆಗೆದು, ಹಿಂದಿನ ಬಾಗಿಲು ತೆರೆದು, ಸೊಂಟದವರೆಗೂ ಕಾರಿನೊಳಗೆ ಬಗ್ಗಿದ್ದರು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ಬಿಸಿಲುಪರದೆಗಳು ನೆಲದ ಮೇಲೆ ಬಿದ್ದಿದ್ದವು.

"ಅತ್ತೆ," ಎಂದ ಅವನು ಹಲ್ಲು ಕಚ್ಚಿ, "ಅದು ಗೊಂಬೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತು," ಎಂದರು ಅತ್ತೆ, ತಿರುಗದೆ. "ನೀರು ಕೊಡಿ."

"ನನ್ನ ಕೆಲಸ ಹಾಳು ಮಾಡೋಕೆ ಓಡಿ ಬಂದು ಬಾಯಾರಿತಾ?"

ಅಧ್ಯಕ್ಷೆಯೇ ತಮ್ಮ ಬಾಟಲಿಯನ್ನು ಚಾಚಿದರು. ಅತ್ತೆ ಅದನ್ನು ಕುಡಿಯಲಿಲ್ಲ. ಕೈ ಹಿಂದೆ ಮಾಡಿ ಈಸಿಕೊಂಡು ಒಳಗೊಯ್ದರು. ಗಟಗಟನೆ ಕುಡಿಯುವ ಸದ್ದು ಕೇಳಿಸಿತು. ಗೊಂಬೆ ಬೆಲ್ಟ್ ಬಿಗಿದುಕೊಂಡು, ಬೋಳುತಲೆಯಲ್ಲಿ, ನೇರವಾಗಿ ಅಧಿಕಾರಿಯನ್ನೇ ನೋಡುತ್ತಿತ್ತು.

ಸೀಟಿನ ಕೆಳಗಿನಿಂದ ಬೆವರಿನಲ್ಲಿ ತೊಯ್ದ ಪುಟ್ಟ ಕೈಯೊಂದು ಮೇಲೆದ್ದಿತು. ಅದರಲ್ಲಿ ಬಿಳಿ ಟೋಪಿಯಿತ್ತು. "ಅಜ್ಜಿ, ಗೊಂಬೆಗೆ ಸೆಖೆ ಅಂತ ಗಾಳಿ ಹಾಕೀ ಹಾಕೀ ನಂಗೆ ಕೈನೋವು."