ಬೂಟು ಬಿಚ್ಚಿ ಬನ್ನಿ

ಬಡವರಿಗೆಂದು ವಸತಿ ಮಂಡಳಿ ಕಟ್ಟಿಸಿಕೊಟ್ಟ ತನ್ನ ಮನೆಯ ನೆಲದಡಿಯಿಂದ ಚರಂಡಿ ನೀರು ಒಸರುತ್ತದೆಂದು ದೂರು ಕೊಟ್ಟೂ ಕೊಟ್ಟೂ ಚಿಕ್ಕತಾಯಮ್ಮನಿಗೆ ಸಾಕಾಗಿತ್ತು. ಬಂದ ಇಂಜಿನಿಯರುಗಳೆಲ್ಲ ದಪ್ಪ ಬೂಟಿನಲ್ಲೇ ಒಳಗೊಂದು ಸುತ್ತು ಹಾಕಿ, "ಈಗಷ್ಟೇ ನೆಲ ಒರೆಸಿದ್ದೀಯಲ್ಲಮ್ಮ, ಅದರ ಪಸೆ" ಎಂದು ಹೇಳಿ ಹೊರಟುಬಿಡುತ್ತಿದ್ದರು.

ಈ ಸಲ ಬಂದ ಹೊಸ ಇಂಜಿನಿಯರನ್ನು ಅವಳು ಹೊಸ್ತಿಲಲ್ಲೇ ತಡೆದಳು.

"ಬೂಟು ಬಿಚ್ಚಿ ಒಳಕ್ಕೆ ಬನ್ನಿ ಸಾರ್."

"ಎರಡು ನಿಮಿಷದ ಕೆಲಸ ಕಣಮ್ಮ, ನೋಡಿ ಹೋಗ್ತೀನಿ."

"ಆದ್ರೂ ಬಿಚ್ಚಿ ಸಾರ್. ನಿಮ್ಮನೇಲಿ ದೇವರ ಮುಂದೆ ಬೂಟು ಹಾಕ್ಕೊಂಡು ಓಡಾಡ್ತೀರಾ?"

ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ಆತ ಗೊಣಗುತ್ತಲೇ ಬೂಟು ಬಿಚ್ಚಿ ಒಳಗೆ ಕಾಲಿಟ್ಟ. ನಡುಮನೆಗೆ ಬರುವಷ್ಟರಲ್ಲಿ ಕಾಲುಚೀಲ ತೊಯ್ದು ಅಂಗಾಲಿಗೆ ಅಂಟಿಕೊಂಡಿತು. ಗಬ್ಬು ವಾಸನೆಗೆ ಕರವಸ್ತ್ರ ಮೂಗಿಗೆ ಹೋಯಿತು.

"ಒರೆಸಿದ ನೀರು ಆರೋಗಂಟ ನಿಂತ್ಕಳಿ, ಕಾಫಿ ಕಾಯಿಸ್ತೀನಿ" ಎಂದಳು ಚಿಕ್ಕತಾಯಮ್ಮ. "ನನ್ನ ಮೊಮ್ಮಗಳು ಮಲಗೋದೂ ಇದೇ ನೆಲದ ಮೇಲೆ. ವರ್ಷವಿಡೀ ಕೆಮ್ತಾಳೆ."

ಆತನಿಗೆ ರೇಗಿತು. ನಾಲ್ಕೂ ಗೋಡೆಯ ಮೇಲೆ ಕಣ್ಣಾಡಿಸಿದ. ಬೂಷ್ಟಿನ ಕಪ್ಪು ಕಲೆ ಬಿಟ್ಟರೆ ಬೇರೇನೂ ಇರಲಿಲ್ಲ.

"ಬೂಟು ಬಿಚ್ಚಿಸಿದೆಯಲ್ಲ, ಎಲ್ಲಿದೆಯಮ್ಮ ನಿನ್ನ ದೇವರು? ಒಂದು ಪಟಾನೂ ಕಾಣಲ್ಲ."

"ದೇವರನ್ನ ಈ ಕೊಚ್ಚೇಲಿ ಮಡಗೋಕಾಯ್ತದಾ ಸಾರ್? ಹೋದ ವರ್ಷವೇ ನಮ್ಮಕ್ಕನ ಮನೆಗೆ ಸಾಗಿಸಿದೀನಿ. ಇಲ್ಲಿರೋದು ನಾವು ಮನುಷ್ಯರು ಅಷ್ಟೇ."