ಬೆಳಕಿಗೆ ಹಿಡಿದ ಹಾಳೆ

ಹೀಸ್ಲಿಪ್ ಮೇಷ್ಟ್ರು ದೂರಿನ ಹಾಳೆಯನ್ನು ಓದಲಿಲ್ಲ. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಐರ್ಲೆಂಡಿನಲ್ಲೇ ತಯಾರಾದದ್ದೆಂಬ ಅಚ್ಚು ಕಾಗದದೊಳಗೆ ಕಾಣದಿದ್ದರೆ ದೂರು ನೇರ ಕಸದ ಬುಟ್ಟಿಗೆ. ಗೇಲಿಕ್ ಫುಟ್‌ಬಾಲ್ ಮಂಡಳಿಯ ನಿಯಮವೇ ಹಾಗೆ.

ಫೈನಲ್ ಸೋತ ಕಿಲ್‌ವೆರಿನ್ ಕ್ಲಬ್ಬಿನ ಕಾರ್ಯದರ್ಶಿ ಮ್ಯಾಲಕಿಗೆ, ತನ್ನ ದೂರನ್ನು ಹೇಗಾದರೂ ತಳ್ಳಿಹಾಕುತ್ತಾರೆಂದು ಮೊದಲಿಂದಲೂ ಅನುಮಾನ. ಗೆದ್ದ ಡ್ರಮ್‌ಲಾರಾದವರು ತಮ್ಮೂರ ಆಟಗಾರ ಓವೆನ್ ಡೆವೆನಿಯ ಹೆಸರಿನಲ್ಲಿ ಯಾರೋ ಹೊರಗಿನವನನ್ನು ಆಡಿಸಿದ್ದಾರೆ ಎಂಬುದು ಅವನ ದೂರು. ತೀರ್ಪು ಹೇಳಬೇಕಾದ ಮಂಡಳಿಯ ಅಧ್ಯಕ್ಷ ಹೀಸ್ಲಿಪ್ಪರೋ, ಹನ್ನೆರಡು ವರ್ಷ ಅದೇ ಡ್ರಮ್‌ಲಾರಾಕ್ಕೆ ಆಡಿದವರು, ಈಗಲೂ ಅಲ್ಲೇ ಶಾಲೆಯ ಮೇಷ್ಟ್ರು. 'ನೆಪ ಹುಡುಕ್ತಾ ಇದಾನೆ ಮುದುಕ' ಎಂದು ಮ್ಯಾಲಕಿ ಹಲ್ಲು ಕಚ್ಚಿದ. ಮರುಕ್ಷಣ ನೋಡಿದರೆ, ಬೆಳಕಿನಲ್ಲಿ ಹಾಳೆ ಬರೀ ಬಿಳಿ, ಅಚ್ಚೇ ಇಲ್ಲ. ಅವಸರದಲ್ಲಿ ಹೆಂಡತಿಯ ಲೆಟರ್ ಪ್ಯಾಡಿನಿಂದ ಹರಿದುಕೊಂಡಿದ್ದ. ಅದು ಇಂಗ್ಲೆಂಡಿನ ಕಾಗದ.

"ಏನ್ ಮೇಷ್ಟ್ರೇ, ಅಚ್ಚು ಇದ್ಯಾ, ಇಲ್ವಾ?" ಡ್ರಮ್‌ಲಾರಾದವರ ಬೆಂಚಿನಿಂದ ಯಾರೋ ಕೇಳಿ ಕಿಸಕ್ಕನೆ ನಕ್ಕರು.

"ಇದೆ," ಎಂದ ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲಿಟ್ಟು, ಇನ್ಯಾರೂ ಎತ್ತಿ ನೋಡದಂತೆ ಅದರ ಮೇಲೆ ತಮ್ಮ ಚಹಾದ ಕಪ್ಪನ್ನು ಇಟ್ಟರು. ಮ್ಯಾಲಕಿಯ ಅನುಮಾನ ಇಮ್ಮಡಿಯಾಯಿತು. ಈ ಮನುಷ್ಯ ಯಾಕೆ ಸುಳ್ಳು ಹೇಳಿದ?

ಮೇಷ್ಟ್ರು ನಕ್ಕವರ ಬೆಂಚಿನ ಕಡೆ ತಿರುಗಿದರು. "ಓವೆನ್‌ಗೆ ಆರು ವರ್ಷ ಪಾಠ ಹೇಳಿದೋನು ನಾನು. ಭಾನುವಾರ ಫೈನಲ್‌ನಲ್ಲಿ ಅವನ ಹೆಸರಲ್ಲಿ ಗೋಲು ಹೊಡೆದೋನ್ನ ನಾನು ಯಾವತ್ತೂ ನೋಡಿಲ್ಲ. ಯಾರ್ರೋ ಅವನು?"