ಚೀಟಿಯ ಮೇಲಿನ ಅಂಕಿ

ಲೇಸರ್ ಹತ್ತು ವ್ಯಾಟ್ ದಾಟಿದರೆ ಯಂತ್ರದೊಳಗಿನ ಚಿಪ್‌ನ ಮೇಲಿನ, ಬೆಳಕು ತಿರುಗಿಸುವ ಲಕ್ಷಾಂತರ ಪುಟಾಣಿ ಕನ್ನಡಿಗಳು ಸುಟ್ಟೇ ಹೋಗುತ್ತವೆ. ಪ್ರಯೋಗಾಲಯದವರೋ, ಹತ್ತೆಂದರೆ ಹನ್ನೆರಡಕ್ಕೆ ಕೈ ಹಾಕುವವರು. ಅದಕ್ಕೇ ಹಿರಿಯ ತಂತ್ರಜ್ಞ ತಿಮ್ಮಪ್ಪಯ್ಯ ಯಂತ್ರಕ್ಕೆ ಅಂಟಿಸುವ ಚೀಟಿಯಲ್ಲಿ ಐದೆಂದೇ ಬರೆಯುತ್ತಿದ್ದರು. ಹೊಸದಾಗಿ ಸೇರಿದ ನಳಿನಾಕ್ಷಿ ಮಾತ್ರ ಒಂದು ದಿನವೂ ಐದು ದಾಟಲಿಲ್ಲ. ಇಷ್ಟು ನಂಬುವವಳಿಗೆ ಸುಳ್ಳು ಹೇಳುತ್ತಿದ್ದೇನಲ್ಲ ಎಂದು ಅವರನ್ನು ಮನಸ್ಸು ಚುಚ್ಚುತ್ತಲೇ ಇತ್ತು. ಅಂದು ಬೆಳಗ್ಗೆ ಹಳೆಯ ಚೀಟಿ ಕಿತ್ತು, ಹತ್ತೆಂದು ಬರೆದು ಅಂಟಿಸಿದರು.

ಮಧ್ಯಾಹ್ನದ ಹೊತ್ತಿಗೆ ಚಿಪ್ ಕರಕಲಾಗಿತ್ತು. ನಳಿನಾಕ್ಷಿ ಅದನ್ನು ತಿಮ್ಮಪ್ಪಯ್ಯನವರ ಮುಂದೆ ತಂದಿಟ್ಟಳು.

“ಎಷ್ಟಕ್ಕಿಟ್ಟೆ ತಾಯಿ?”

“ಇಪ್ಪತ್ತಕ್ಕೆ, ಸಾರ್.”

“ಚೀಟೀಲಿ ಹತ್ತು ಅಂತ ಬರ್ದಿದ್ನಲ್ಲ!”

“ನೀವು ಬರೆಯೋದು ಯಾವಾಗ್ಲೂ ಅರ್ಧ ಅಂತ ನಿನ್ನೆ ಎಲ್ರೂ ಹೇಳ್ಕೊಟ್ರು, ಸಾರ್.”